ಹಾಸ್ಪಿಸ್‌ನಲ್ಲಿ ಎರಡನೇ ವರ್ಷ, ಇನ್‌ಚಾರ್ಜ್ ಆಗ್ತೀಯಾ ಅಂತ ಕೇಳಿದ್ದಾರೆ. ಒಪ್ಪಿಕೊಳ್ಳಲಾ?

ಡೊಂಬಿವಲಿ ಸಿಸ್ಟರ್:

ಎಲ್ಲರಿಗೂ ನಮಸ್ಕಾರ. ನನ್ನ ಊರು ಬಾಗಲಕೋಟೆ ಕಡೆ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಮುಂಬೈಗೆ ಬಂದೆ. ಮೊದಲು ಒಂದು ಸಣ್ಣ ನರ್ಸಿಂಗ್ ಹೋಮ್‌ನಲ್ಲಿದ್ದೆ. ಈಗ ಕ್ಯಾನ್ಸರ್ ರೋಗಿಗಳ ಹಾಸ್ಪಿಸ್ (ಗುಣವಾಗದ ರೋಗಿಗಳನ್ನು ಕೊನೆತನಕ ನೋವು ಕಡಿಮೆ ಮಾಡಿ ನೋಡಿಕೊಳ್ಳುವ ಕಡೆ) ಒಂದರಲ್ಲಿ ಸ್ಟಾಫ್ ನರ್ಸ್. ಇಲ್ಲಿ ಎರಡನೇ ವರ್ಷ ನಡೆಯುತ್ತಿದೆ.

ನಮ್ಮ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಮುಂದಿನ ತಿಂಗಳು ಕೆಲಸ ಬಿಟ್ಟು ಮಗನ ಹತ್ತಿರ ಹೋಗುತ್ತಿದ್ದಾರೆ. ಹೋದ ವಾರ ಟ್ರಸ್ಟ್‌ನವರು ಕರೆದು, "ಆ ಜಾಗ ನೀನು ನೋಡ್ಕೋತೀಯಾ?" ಅಂತ ಕೇಳಿದರು. ನನಗೆ ಮಾತೇ ಹೊರಡಲಿಲ್ಲ. ಯೋಚನೆ ಮಾಡಿ ಹೇಳುತ್ತೇನೆ ಅಂದು ಬಂದೆ.

ಕೆಲಸ ನನಗೆ ಇಷ್ಟ. ಟಾಟಾ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇನ್ನು ಚಿಕಿತ್ಸೆ ಇಲ್ಲ ಅಂದ ಮೇಲೆ ನಮ್ಮಲ್ಲಿಗೆ ಬರುವವರಲ್ಲಿ ಕಲಬುರಗಿ, ಬೀದರ್, ವಿಜಯಪುರದವರೂ ಇರುತ್ತಾರೆ. ದಾದರ್‌ನ ಗಾಡ್ಗೆ ಮಹಾರಾಜ್ ಧರ್ಮಶಾಲೆಯಲ್ಲಿ ದಿನ ತಳ್ಳಿ ಬಂದವರೂ ಇರುತ್ತಾರೆ. ನಾನು ಕನ್ನಡದಲ್ಲಿ ಮಾತಾಡಿಸಿದ ಕೂಡಲೇ ಅವರ ಮನೆಯವರು ಅಷ್ಟು ದಿನ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆಗಳನ್ನೆಲ್ಲ ಕೇಳುತ್ತಾರೆ. ಇದನ್ನು ಬಿಟ್ಟು ಹೋಗಲು ಮನಸ್ಸಿಲ್ಲ.

ಆದರೆ ಜೊತೆಯವರು ಹೆದರಿಸುತ್ತಿದ್ದಾರೆ. ಹಾಸ್ಪಿಸ್‌ನಲ್ಲಿದ್ದರೆ ಅಲ್ಲೇ ಉಳಿಯುತ್ತೀಯ, ಐಸಿಯು ಅನುಭವ ಇಲ್ಲದಿದ್ದರೆ ಮುಂದೆ ಯಾರೂ ಕೇಳಲ್ಲ ಅನ್ನುತ್ತಾರೆ. ಅಮ್ಮ ಮಾತ್ರ ಊರಿಗೆ ಬಂದು ಸರ್ಕಾರಿ ಪರೀಕ್ಷೆಗೆ ಓದು ಅಂತ ಒಂದೇ ಹಟ. ಹಾಸ್ಪಿಸ್‌ನಿಂದಲೇ ಶುರು ಮಾಡಿ ನರ್ಸಿಂಗ್ ಮ್ಯಾನೇಜ್‌ಮೆಂಟ್ ಕಡೆಗೆ ಹೋಗಲು ಆಗುತ್ತದಾ? ಬರೀ ಜಿಎನ್‌ಎಂ ಸಾಕಾ? ಇಷ್ಟು ಬೇಗ ಒಪ್ಪಿಕೊಳ್ಳುವುದು ಸರಿಯಾ? ಅನುಭವ ಇರುವವರು ದಯವಿಟ್ಟು ಹೇಳಿ.

ವಾಶಿ ಬ್ರದರ್:

ನಾನು ನವಿ ಮುಂಬೈನ ಒಂದು ದೊಡ್ಡ ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರ್‌ವೈಸರ್. ನೇರವಾಗಿ ಹೇಳುತ್ತೇನೆ. ಮೊದಲು ಓದು. ಜಿಎನ್‌ಎಂ ಮೇಲೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿ, ಎರಡು ವರ್ಷದ ಕೋರ್ಸ್. ವಾರ್ಡ್ ಇನ್‌ಚಾರ್ಜ್ ತನಕ ಅನುಭವದ ಮೇಲೆ ಹೋಗಬಹುದು. ಅಸಿಸ್ಟೆಂಟ್ ನರ್ಸಿಂಗ್ ಸೂಪರಿಂಟೆಂಡೆಂಟ್, ಅದರ ಮೇಲಿನ ಹುದ್ದೆ ಅಂದಾಗ ಡಿಗ್ರಿ ಕೇಳಿಯೇ ಕೇಳುತ್ತಾರೆ. ಎಂ.ಎಸ್ಸಿ. ಇದ್ದವರಿಗೆ ಮೊದಲ ಮಣೆ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟದ ಮಾನ್ಯತೆ) ಕೆಲಸ ಗೊತ್ತಿದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು. ಕರ್ನಾಟಕದಲ್ಲಿ ನೋಂದಣಿ ಆದವರು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲೂ ಮಾಡಿಸಿಕೊಳ್ಳಬೇಕು. ನಿಮ್ಮದು ಆಗಿದೆಯಾ? ಪ್ರಮೋಷನ್ ಸಮಯದಲ್ಲಿ ಫೈಲ್ ತೆಗೆದು ನೋಡುವುದೇ ಅದನ್ನು.

ನನ್ನ ಸಲಹೆ ಕೇಳಿದರೆ, ಎರಡು ವರ್ಷ ಐಸಿಯು ಮಾಡಿ ಬನ್ನಿ. ಆಮೇಲೆ ಎಲ್ಲಿ ಬೇಕಾದರೂ ಇನ್‌ಚಾರ್ಜ್ ಆಗಬಹುದು.

ಪುಣೆ ಅಕ್ಕ:

ತಂಗಿ, ನಾನು ಧಾರವಾಡದ ಹತ್ತಿರದವಳು. ಪುಣೆಗೆ ಬಂದು ಇಲ್ಲೇ ನೆಲೆ ನಿಂತೆ. ಹಾಸ್ಪಿಸ್ ಸೇರಿದಾಗ ನಾನೂ ಜಿಎನ್‌ಎಂ. ಈಗ ನಮ್ಮಲ್ಲಿ ನರ್ಸಿಂಗ್ ವಿಭಾಗ ಪೂರ್ತಿ ನನ್ನ ಮೇಲಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬಿಡುವಾದಾಗ ಓದು.

ವಾಶಿಯ ಅಣ್ಣ ಓದು ಮತ್ತು ನೋಂದಣಿ ಬಗ್ಗೆ ಹೇಳಿದ್ದನ್ನು ಅಕ್ಷರಶಃ ಪಾಲಿಸು. ಐಸಿಯು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಐಸಿಯುನಲ್ಲಿ ಡಾಕ್ಟರ್ ಹತ್ತು ಹೆಜ್ಜೆ ದೂರದಲ್ಲಿ ಇರುತ್ತಾರೆ. ಹಾಸ್ಪಿಸ್‌ನಲ್ಲಿ ಹೆಚ್ಚಿನ ಕಡೆ ಡಾಕ್ಟರ್ ರೌಂಡ್ಸ್ ಮುಗಿಸಿ ಹೋಗುತ್ತಾರೆ, ರಾತ್ರಿ ಫೋನ್‌ನಲ್ಲಿ ಸಿಗುತ್ತಾರೆ. ಅಲ್ಲಿ ನಿಂತು ನೋಡಿ, ಯಾವಾಗ ಫೋನ್ ಮಾಡಬೇಕು ಅಂತ ತೀರ್ಮಾನ ಮಾಡುವವಳು ಸಿಸ್ಟರ್. ಹಾಸ್ಪಿಸ್ ಅನ್ನುವ ಪದ್ಧತಿಗೆ ಈ ಕಾಲದ ರೂಪ ಕೊಟ್ಟ ಸಿಸಿಲಿ ಸಾಂಡರ್ಸ್ ಕೂಡ ನರ್ಸ್ ಆಗಿ ಶುರು ಮಾಡಿದವರೇ. ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಆದರು, ಆಮೇಲೆ ಡಾಕ್ಟರ್ ಆದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಶುರು ಮಾಡಿದರು. ನಮ್ಮ ದೇಶದ ಮೊದಲ ಹಾಸ್ಪಿಸ್ ನಿಮ್ಮ ಮುಂಬೈನದೇ, ಬಾಂದ್ರಾದ ಶಾಂತಿ ಅವೇದನಾ, 1986. ಇಲ್ಲಿ ಪುಣೆಯ ವಾರ್ಜೆಯಲ್ಲಿ ಸಿಪ್ಲಾದವರ ಕೇಂದ್ರ 1997ರಿಂದ ಇದೆ. ನಮ್ಮ ಬೆಂಗಳೂರಿನ ಕರುಣಾಶ್ರಯ ನಿನಗೆ ಗೊತ್ತೇ ಇರುತ್ತದೆ. ಇಂಥ ಕಡೆ ಕೆಲಸ ಮಾಡಿದ ಅನುಭವ ಕಡಿಮೆ ಅನುಭವ ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡ.

ಈಗ ನಿನ್ನ ಪ್ರಶ್ನೆ. ಇನ್‌ಚಾರ್ಜ್ ಆಗಲು ಏನು ಬೇಕು ಅಂತ ಕೇಳಿದರೆ ಜನ ಧೈರ್ಯ, ನಾಯಕತ್ವ ಅಂತೆಲ್ಲ ಹೇಳುತ್ತಾರೆ. ನಾನು ನಿನಗೆ ಮಧ್ಯಾಹ್ನ ಎರಡು ಗಂಟೆಯ ಡೋಸ್ ಬಗ್ಗೆ ಹೇಳುತ್ತೇನೆ.

ನೋವಿಗೆ ಕೊಡುವ ಸಾಧಾರಣ ಮಾರ್ಫಿನ್ ಮಾತ್ರೆ ನಾಲ್ಕು ಗಂಟೆಗೊಮ್ಮೆ ಅಲ್ವಾ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ನಡುರಾತ್ರಿ ಎಬ್ಬಿಸಬಾರದು ಅಂತ 10ಕ್ಕೆ ಡಬಲ್. ಶಿಫ್ಟ್ ಬದಲಾಗುವುದು ಯಾವಾಗ? ಅದೂ 2ಕ್ಕೆ. ಮನೆಗೆ ಹೊರಟವಳು "ಬರೋವಳು ಕೊಡ್ತಾಳೆ" ಅಂದುಕೊಳ್ಳುತ್ತಾಳೆ. ಬಂದವಳು "ಕೊಟ್ಟಾಗಿದೆ" ಅಂದುಕೊಳ್ಳುತ್ತಾಳೆ. ಇಬ್ಬರೂ ಚಾರ್ಟ್ ಹಿಡಿದು ಹ್ಯಾಂಡೋವರ್ ಮಾಡುತ್ತಾ ನಿಂತಿರುತ್ತಾರೆ, ಎರಡೂವರೆ ಆಗುತ್ತದೆ. ಕಿಟಕಿ ಪಕ್ಕದ ಅಜ್ಜ ಹಲ್ಲು ಕಚ್ಚಿಕೊಂಡು ಗೋಡೆ ಕಡೆ ತಿರುಗಿರುತ್ತಾರೆ. ಕೇಳಿದರೆ "ಏನಿಲ್ಲ ಸಿಸ್ಟರ್" ಅನ್ನುತ್ತಾರೆ. ಒಮ್ಮೆ ನೋವು ಮೇಲೆದ್ದರೆ ಮತ್ತೆ ಹತೋಟಿಗೆ ತರಲು ಸಂಜೆ ಆಗಿಬಿಡುತ್ತದೆ. ಇಲ್ಲಿ ಯಾರೂ ಸೋಮಾರಿಗಳಲ್ಲ. ಯಾರನ್ನು ಬೈದರೂ ಇದು ಸರಿ ಹೋಗುವುದಿಲ್ಲ. ಸಮಯದ ಲೆಕ್ಕದಲ್ಲೇ ತೂತಿದೆ.

ನಾನು ಇನ್‌ಚಾರ್ಜ್ ಆದ ಮೇಲೆ ಮೊದಲು ಕೈ ಹಾಕಿದ್ದು ಇದಕ್ಕೆ. 2 ಗಂಟೆ ಡೋಸ್ ಬೆಳಗಿನ ಶಿಫ್ಟ್‌ನವರದು. ಕೊಟ್ಟು, ಸಹಿ ಮಾಡಿ, ಆಮೇಲೆ ಹ್ಯಾಂಡೋವರ್. ಮುಂದಿನ ಶಿಫ್ಟ್‌ನವರು ಕಾಲು ಗಂಟೆ ಮೊದಲೇ ಬಂದು ವಾರ್ಡ್ ನೋಡಿಕೊಳ್ಳಬೇಕು, ಆ ಕಾಲು ಗಂಟೆ ಡ್ಯೂಟಿಯಲ್ಲೇ ಸೇರಬೇಕು. ಇಷ್ಟೇ. ಟ್ರಸ್ಟ್‌ನವರ ಹತ್ತಿರ ಆ ಕಾಲು ಗಂಟೆಗೆ ಒಪ್ಪಿಗೆ ತರಲು ಸಾಕು ಸಾಕಾಯಿತು, ಅದು ಬೇರೆ ಮಾತು. ಆದರೆ ನೋಡು, ಇದಕ್ಕೆ ಯಾವ ಡಿಗ್ರಿ ಬೇಕು? ಬೆಡ್ ಪಕ್ಕ ನಿಂತವಳಿಗೆ ಮಾತ್ರ ಕಾಣುವ ವಿಷಯ ಇದು. ನಿನ್ನ ವಾರ್ಡಿನಲ್ಲೂ ಇಂಥ ತೂತು ಇದ್ದೇ ಇರುತ್ತದೆ. ಅದು ನಿನಗೆ ಈಗಾಗಲೇ ಕಣ್ಣಿಗೆ ಚುಚ್ಚುತ್ತಿದ್ದರೆ ನೀನು ಆ ಕೆಲಸಕ್ಕೆ ತಯಾರು.

ಡ್ರೆಸ್ಸಿಂಗ್ ಕೂಡ ಹಾಗೇ. ಒಡೆದ ಗಡ್ಡೆಯ ಗಾಯ ಇದ್ದರೆ ಸಲೈನ್‌ನಲ್ಲಿ ನೆನೆಸಿ ಹಳೆ ಬಟ್ಟೆ ಬಿಡಿಸುವುದು, ವಾಸನೆಗೆ ಮೆಟ್ರೋನಿಡಜೋಲ್ ಪುಡಿ ಹಾಕುವುದು ನಿನಗೆ ಗೊತ್ತು. ಆದರೆ ಯಾರ ಡ್ರೆಸ್ಸಿಂಗ್ ಎಷ್ಟು ಗಂಟೆಗೆ, ಅದಕ್ಕೆ ಎಷ್ಟು ಮೊದಲು ಮಾತ್ರೆ ಹೊಟ್ಟೆಗೆ ಹೋಗಿರಬೇಕು, ಆಗ ಇನ್ನೊಬ್ಬರು ಕೈ ಜೋಡಿಸಲು ಖಾಲಿ ಇರುತ್ತಾರಾ ಅಂತ ಹೊಂದಿಸುವವಳು ಇನ್‌ಚಾರ್ಜ್.

ಎರಡನೆಯದು ಮಾರ್ಫಿನ್ ರಿಜಿಸ್ಟರ್. ಇದನ್ನು ನಿಮ್ಮ ಈಗಿನ ಇನ್‌ಚಾರ್ಜ್ ಸಿಸ್ಟರ್ ಹೋಗುವ ಮೊದಲು ಪಕ್ಕ ಕೂತು ಕಲಿ. ಎಷ್ಟು ಬಂತು, ಯಾರಿಗೆ ಎಷ್ಟು ಹೋಯಿತು, ಉಳಿದದ್ದು ಎಷ್ಟು. ಬೀಗದ ಕಪಾಟು, ಕೀ ಯಾರ ಸೊಂಟದಲ್ಲಿ, ಪ್ರತಿ ಶಿಫ್ಟ್‌ಗೆ ಇಬ್ಬರು ಎಣಿಸಿ ಸಹಿ. ಒಂದು ಮಾತ್ರೆ ಪುಡಿಯಾದರೂ ಅದನ್ನು ಬರೆಯಬೇಕು. ರೋಗಿ ತೀರಿಕೊಂಡ ಮೇಲೆ ಮನೆಯವರ ಚೀಲದಲ್ಲಿ ಉಳಿದ ಮಾತ್ರೆ ವಾಪಸ್ ಬರುತ್ತದೆ, ಅದಕ್ಕೂ ಲೆಕ್ಕ ಇದೆ. ಮೊದಲೆಲ್ಲ ಮಾರ್ಫಿನ್ ಇಟ್ಟುಕೊಳ್ಳಲು ಹಲವು ಲೈಸೆನ್ಸ್‌ಗಾಗಿ ಅಲೆಯಬೇಕಿತ್ತು. 2014ರಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ರಾಜ್ಯದ ಡ್ರಗ್ಸ್ ಕಂಟ್ರೋಲರ್ ಮಾನ್ಯತೆ ಕೊಟ್ಟ ಸಂಸ್ಥೆಗೆ ದಾರಿ ಸಲೀಸಾಯಿತು. ಆದರೆ ವರ್ಷಕ್ಕೆ ಎಷ್ಟು ಬೇಕು ಅಂತ ಅಂದಾಜು ಕೊಡಬೇಕು, ಲೆಕ್ಕ ಸರಿಯಾಗಿ ಇಟ್ಟಿರಬೇಕು. ಕಾಗದದ ಮೇಲೆ ಹೊಣೆ ಡಾಕ್ಟರದು. ಆದರೆ ಡಾಕ್ಟರ್‌ಗೆ ಆ ಲೆಕ್ಕ ಸಿಗುವುದು ನಿನ್ನ ರಿಜಿಸ್ಟರ್‌ನಿಂದಲೇ. ಗಣಪತಿ ಹಬ್ಬಕ್ಕೆ, ದೀಪಾವಳಿಗೆ ಸಪ್ಲೈಯರ್ ಬಾಗಿಲು ಹಾಕುವ ಮೊದಲೇ ಸ್ಟಾಕ್ ತರಿಸಿಡುವ ಬುದ್ಧಿ ಇದ್ದರೆ ಟ್ರಸ್ಟ್‌ನವರು ನಿನ್ನನ್ನು ಕೈ ಬಿಡುವುದಿಲ್ಲ.

ಡ್ಯೂಟಿ ಪಟ್ಟಿ ಬಗ್ಗೆ ಬರೆಯದೆ ಇರಲು ಆಗಲ್ಲ. ಬೇರೆ ಆಸ್ಪತ್ರೆಯಲ್ಲಿ ಡ್ಯೂಟಿ ಪಟ್ಟಿ ಅಂದರೆ ರಜೆಯ ಲೆಕ್ಕ. ಕೇರಳದ ಸಿಸ್ಟರ್‌ಗಳಿಗೆ ಓಣಂ ಮತ್ತು ಕ್ರಿಸ್‌ಮಸ್, ಇಲ್ಲಿಯವರಿಗೆ ಗೌರಿ ಗಣಪತಿ, ನಮ್ಮವರಿಗೆ ಊರ ಜಾತ್ರೆ. ಅದನ್ನಂತೂ ಮಾಡಲೇಬೇಕು. ಹಾಸ್ಪಿಸ್‌ನಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ. ಒಂದೇ ರಾತ್ರಿ ಇಬ್ಬರು ತೀರಿಕೊಂಡಾಗ ಡ್ಯೂಟಿಯಲ್ಲಿದ್ದವಳನ್ನು ಮರುದಿನವೇ ಸಾವು ಹತ್ತಿರ ಇರುವ ರೋಗಿಯ ಕೋಣೆಗೆ ಹಾಕಬಾರದು. ತಿಂಗಳುಗಟ್ಟಲೆ ಒಬ್ಬ ಹುಡುಗನನ್ನು ನೋಡಿಕೊಂಡವಳು, ಅವನು ತೀರಿಕೊಂಡ ವಾರ ಸುಮ್ಮನಾಗಿಬಿಡುತ್ತಾಳೆ. ಆಮೇಲೆ ಮೈ ಹುಷಾರಿಲ್ಲ ಅಂತ ರಜೆ, ಆಮೇಲೆ ರಾಜೀನಾಮೆ ಪತ್ರ. ಹಾಸ್ಪಿಸ್ ಬಿಟ್ಟು ಹೋದ ಎಷ್ಟೋ ಹುಡುಗಿಯರು ಸಂಬಳಕ್ಕೆ ಬಿಟ್ಟದ್ದಲ್ಲ, ಯಾರೂ ಕೂರಿಸಿ "ಊಟ ಮಾಡಿದೆಯಾ, ಹೇಗಿದ್ದೀಯಾ" ಅಂತ ಕೇಳದ್ದಕ್ಕೆ ಬಿಟ್ಟದ್ದು ಅಂತ ನಾನು ನಂಬಿದ್ದೇನೆ. ನಮ್ಮಲ್ಲಿ ವಾರಕ್ಕೊಮ್ಮೆ ಎಲ್ಲರೂ ಚಹಾ ಹಿಡಿದು ಕೂರುತ್ತೇವೆ. ತೀರಿಕೊಂಡ ರೋಗಿಗಳ ಹೆಸರು ಹೇಳಿ ಮಾತಾಡುತ್ತೇವೆ. ಮಾವಶಿಯರನ್ನೂ (ಆಯಾಗಳನ್ನೂ) ಕರೆಯುತ್ತೇವೆ, ಇದನ್ನು ಮರೆಯಬೇಡ. ಮೈ ಒರೆಸಿ, ಬಟ್ಟೆ ಹಾಕಿ, ಕೊನೆಗೆ ಕೈಕಾಲು ನೇರ ಮಾಡುವವರು ಅವರು. ರೋಗಿ ರಾತ್ರಿ ಯಾರ ಹೆಸರು ಹಿಡಿದು ಕರೆದರು ಅಂತ ನಮ್ಮ ಫೈಲ್‌ನಲ್ಲಿ ಇರುವುದಿಲ್ಲ. ಮಾವಶಿಗೆ ಗೊತ್ತಿರುತ್ತದೆ.

ಓದಿನ ವಿಷಯ. ಪೋಸ್ಟ್ ಬೇಸಿಕ್ ಮಾಡು, ಆದರೆ ಅದಕ್ಕಾಗಿ ಈ ಜಾಗ ಬಿಡಬೇಡ ಅಂತ ನನ್ನ ಅಭಿಪ್ರಾಯ. ಈ ವರ್ಷ ಇಂಡಿಯನ್ ಅಸೋಸಿಯೇಷನ್ ಆಫ್ ಪ್ಯಾಲಿಯೇಟಿವ್ ಕೇರ್‌ (ನೋವು ಶಮನದ ಆರೈಕೆ) ನವರ ಸರ್ಟಿಫಿಕೇಟ್ ಕೋರ್ಸ್ ಮಾಡಿಬಿಡು, ಕೆಲಸ ಬಿಡದೆ ಮಾಡಬಹುದು. ತಿರುವನಂತಪುರದ ಪ್ಯಾಲಿಯಂ ಇಂಡಿಯಾದಲ್ಲೂ ನರ್ಸ್‌ಗಳಿಗೆ ತರಬೇತಿ ಇದೆ. ಆಡಳಿತವೇ ಬೇಕು ಅಂತ ಡಿಗ್ರಿ ಆದ ಮೇಲೆ ಅನಿಸಿದರೆ ನಿಮ್ಮ ದೇವನಾರ್‌ನ ಟಿಸ್‌ನಲ್ಲಿ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್ ಸ್ನಾತಕೋತ್ತರ ಕೋರ್ಸ್ ಇದೆ. ಜೊತೆಗೆ ಕಾನೂನು ಸ್ವಲ್ಪ ತಿಳಿದಿರಲಿ. ಕೊನೆಗಾಲದಲ್ಲಿ ವೆಂಟಿಲೇಟರ್ ಬೇಡ ಅಂತ ಮೊದಲೇ ಬರೆದಿಡಬಹುದು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು, 2023ರಲ್ಲಿ ಆ ವಿಧಾನವನ್ನು ಸುಲಭ ಮಾಡಿತು. ಮನೆಯವರು ಇದನ್ನು ಕೇಳುವುದು ಡಾಕ್ಟರ್ ಹತ್ತಿರ ಅಲ್ಲ, ಕಾರಿಡಾರ್‌ನಲ್ಲಿ ನಿನ್ನನ್ನು ನಿಲ್ಲಿಸಿ ಕೇಳುತ್ತಾರೆ.

ಒಪ್ಪಿಕೋ. ಆದರೆ ಕೆಲವು ಮಾತು ಮೊದಲೇ ಆಡಿಕೊಂಡು ಒಪ್ಪಿಕೋ. ಅದನ್ನು ನೀನು ಉತ್ತರ ಬರೆದ ಮೇಲೆ ಹೇಳುತ್ತೇನೆ.

ಡೊಂಬಿವಲಿ ಸಿಸ್ಟರ್:

ಅಕ್ಕಾ, ಎರಡು ಗಂಟೆ ಡೋಸ್ ಓದಿ ಸುಮ್ನೆ ಕೂತುಬಿಟ್ಟೆ. ನಮ್ಮಲ್ಲೂ ಅದೇ ಕಥೆ. ನಮ್ಮಲ್ಲಿ ಇನ್ನೂ ಒಂದಿದೆ. ಮಾರ್ಫಿನ್ ಶುರು ಮಾಡಿದಾಗ ಅದರ ಜೊತೆಗೇ ಮಲಬದ್ಧತೆ ಮಾತ್ರೆ ಬರೆಸಬೇಕು ಅಲ್ವಾ, ರಾತ್ರಿ ಅಡ್ಮಿಷನ್ ಆದರೆ ಅದು ಎಷ್ಟೋ ಸಲ ಬಿಟ್ಟುಹೋಗುತ್ತದೆ. ನಾಲ್ಕನೇ ದಿನ ರೋಗಿ ಹೊಟ್ಟೆ ಹಿಡಿದುಕೊಂಡಾಗ ಗೊತ್ತಾಗುತ್ತದೆ. ನಾನು ನನ್ನ ಶಿಫ್ಟ್‌ನಲ್ಲಿ ಚಾರ್ಟ್ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಡುತ್ತೇನೆ.

ವಾಶಿ ಅಣ್ಣಾ, ಇಲ್ಲಿನ ನೋಂದಣಿ ಆಗಿದೆ. ಧನ್ಯವಾದ.

ನನ್ನ ನಿಜವಾದ ಭಯ ಬೇರೆ. ವಾರ್ಡಿನಲ್ಲಿ ಇಬ್ಬರು ಸಿಸ್ಟರ್‌ಗಳು ನನಗಿಂತ ತುಂಬಾ ದೊಡ್ಡವರು. ನನಗೆ ಕೆಲಸ ಕಲಿಸಿದವರೇ ಅವರು. ಅವರನ್ನು ಬಿಟ್ಟು ನನ್ನನ್ನು ಯಾಕೆ ಕೇಳಿದರೋ ಗೊತ್ತಿಲ್ಲ. ನಾಳೆ ನಾನು ಅವರ ನೈಟ್ ಡ್ಯೂಟಿ ಬರೆಯಬೇಕು. ನನ್ನ ಮರಾಠಿಯೂ ಅಷ್ಟಕ್ಕಷ್ಟೇ. ಇನ್ನೊಂದು, ಇನ್‌ಚಾರ್ಜ್ ಆದರೆ ರೋಗಿಗಳ ಹತ್ತಿರ ಹೋಗುವುದೇ ನಿಂತುಹೋಗುತ್ತದಾ?

ಮಡಗಾಂವ್ ಹೋಂಕೇರ್:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಕಾರವಾರದವನು, ಗೋವಾದಲ್ಲಿ ಮನೆಮನೆಗೆ ಹೋಗಿ ನೋಡಿಕೊಳ್ಳುವ ತಂಡದ ಕೋಆರ್ಡಿನೇಟರ್. ರೋಗಿಗಳಿಂದ ದೂರ ಆಗಬಾರದು ಅಂದರೆ ಈ ದಾರಿಯೂ ಇದೆ. ಇವತ್ತು ಯಾರ ಮನೆ ಮೊದಲು, ಚೀಲದಲ್ಲಿ ಏನೇನು ಇರಬೇಕು, ಕ್ಯಾತಿಟರ್ ಬದಲಿಸುವ ದಿನ ಯಾವುದು, ರಾತ್ರಿ ಫೋನ್ ಯಾರು ಎತ್ತುತ್ತಾರೆ, ಇದೆಲ್ಲ ಆಡಳಿತವೇ. ಆದರೆ ದಿನಾ ನಾಲ್ಕಾರು ಮನೆಯ ಮಂಚದ ಪಕ್ಕ ಕೂರುತ್ತೇನೆ. ಮಳೆಗಾಲದಲ್ಲಿ ಸಾಲ್ಸೆಟ್‌ನ ಒಳಗಿನ ಹಳ್ಳಿಗಳಿಗೆ ಹೋಗುವುದು ಕಷ್ಟ. ಕರೆಂಟ್ ಹೋದರೆ ಮನೆಯ ಆಕ್ಸಿಜನ್ ಯಂತ್ರ ನಿಲ್ಲುತ್ತದೆ, ಅದಕ್ಕೆ ಮೇ ತಿಂಗಳಲ್ಲೇ ಸಿಲಿಂಡರ್ ಏರ್ಪಾಟು ಮಾಡಬೇಕು. ಮುಂಬೈನಲ್ಲೂ ಪಾಲ್‌ಕೇರ್ ಥರದ ಮನೆ ಆರೈಕೆ ತಂಡಗಳಿವೆ. ಒಂದು ದಿನ ಅಂಥವರ ಜೊತೆ ಹೋಗಿ ನೋಡಿ.

ಪುಣೆ ಅಕ್ಕ:

ಆ ಪೆನ್ಸಿಲ್ ಗುರುತು ಇದೆಯಲ್ಲ, ಅದಕ್ಕೇ ನಿನ್ನನ್ನು ಕೇಳಿದ್ದಾರೆ. ಅಡ್ಮಿಷನ್ ಹಾಳೆಯಲ್ಲೇ ಮಾರ್ಫಿನ್ ಕೆಳಗೆ ಆ ಮಾತ್ರೆಗೆ ಒಂದು ಖಾನೆ ಅಚ್ಚು ಹಾಕಿಸು. ನೀನು ಡ್ಯೂಟಿಯಲ್ಲಿ ಇಲ್ಲದ ರಾತ್ರಿಯೂ ಅದು ಕೆಲಸ ಮಾಡಬೇಕು.

ದೊಡ್ಡವರ ವಿಷಯ. ಸುದ್ದಿ ಅವರಿಗೆ ನೋಟಿಸ್ ಬೋರ್ಡ್‌ನಿಂದ ಗೊತ್ತಾಗಬಾರದು. ಟ್ರಸ್ಟ್‌ನವರಿಗೆ ಉತ್ತರ ಕೊಡುವ ಮೊದಲು ಒಬ್ಬೊಬ್ಬರನ್ನೇ ಭೇಟಿ ಮಾಡು. "ತಾಈ (ಅಕ್ಕ), ಹೀಗೆ ಕೇಳಿದ್ದಾರೆ, ನಿಮಗೆ ಆ ಜಾಗ ಬೇಕಿತ್ತಾ?" ಅಂತ ಬಾಯಿ ಬಿಟ್ಟು ಕೇಳು. ಎಷ್ಟೋ ಸಲ ಅವರಿಗೇ ಬೇಡವಾಗಿರುತ್ತದೆ. ಮನೆ, ಮಕ್ಕಳ ಓದು, ವಿರಾರ್‌ನಿಂದ ಬಂದು ಹೋಗುವ ಲೋಕಲ್, ಇದರ ಮೇಲೆ ಟ್ರಸ್ಟ್ ಮೀಟಿಂಗ್ ಯಾರಿಗೆ ಬೇಕು? ಒಬ್ಬರಿಗೆ ನಿಜವಾಗಿ ಬೇಕಿತ್ತು ಅಂದರೆ ಅದನ್ನು ಟ್ರಸ್ಟ್‌ನವರಿಗೆ ನೀನೇ ಹೇಳು. ಅವರು ಆಗಲೂ ನೀನೇ ಬೇಕು ಅಂದರೆ, ನೀನು ಮುಚ್ಚಿಟ್ಟು ತಗೊಂಡೆ ಅನ್ನುವ ಮಾತು ಬರುವುದಿಲ್ಲ.

ಆಮೇಲೆ ಅವರಿಗೆ ಸುಮ್ನೆ ಗೌರವ ಕೊಟ್ಟರೆ ಸಾಲದು, ಕೆಲಸದ ಹೊಣೆ ಕೊಡು. ಹೊಸ ಹುಡುಗಿಯರಿಗೆ ಗಾಯದ ಆರೈಕೆ ಕಲಿಸುವುದು ಒಬ್ಬರಿಗೆ, ಸ್ಟಾಕ್ ಎಣಿಕೆ ಇನ್ನೊಬ್ಬರಿಗೆ. ಮೊದಲ ತಿಂಗಳ ಡ್ಯೂಟಿ ಪಟ್ಟಿಯಲ್ಲಿ ಒಂದು ಹಬ್ಬದ ರಾತ್ರಿ ನಿನ್ನ ಹೆಸರೂ ಇರಲಿ. ಯಾರಾದರೂ ಡೋಸ್ ತಪ್ಪಿಸಿದರೆ ವಾರ್ಡಿನ ನಡುವೆ ಏನೂ ಹೇಳಬೇಡ, ಔಷಧಿ ಕೋಣೆಗೆ ಕರೆದು ಹೇಳು. ಆದರೆ ಹೇಳದೆ ಬಿಡಬೇಡ, ವಯಸ್ಸು ನೋಡಿ ಸುಮ್ಮನಾದರೆ ರೋಗಿಗೆ ಅನ್ಯಾಯ.

ಮರಾಠಿ ಮಾವಶಿಯರ ಹತ್ತಿರ ಕಲಿ, ಬೇಗ ಬರುತ್ತದೆ. ನಾನು ಹಾಗೇ ಕಲಿತದ್ದು.

ಟ್ರಸ್ಟ್‌ನವರ ಹತ್ತಿರ ಏನು ಕೇಳಬೇಕು ಅಂದರೆ, ನೇಮಕ ಪತ್ರ ಬರವಣಿಗೆಯಲ್ಲಿ ಬೇಕು. "ಸದ್ಯಕ್ಕೆ ನೋಡ್ಕೋ, ಆಮೇಲೆ ನೋಡೋಣ" ಅಂದರೆ ಒಪ್ಪಬೇಡ. ಸೇವಾ ಸಂಸ್ಥೆಗಳಲ್ಲಿ ಆ "ಆಮೇಲೆ" ವರ್ಷಗಟ್ಟಲೆ ಎಳೆಯುತ್ತದೆ, ನಾನು ಬೇರೆ ಬೇರೆ ಕಡೆ ನೋಡಿದ್ದೇನೆ. ಸಂಬಳ ಎಷ್ಟು ಜಾಸ್ತಿ ಅಂತ ಅಂಕಿಯಲ್ಲಿ ಬರೆದಿರಬೇಕು. ಸೇವೆಯ ಕೆಲಸದಲ್ಲಿ ದುಡ್ಡಿನ ಮಾತು ಆಡಬಾರದು ಅಂತ ನಾಚಿಕೊಳ್ಳಬೇಡ, ನಿನಗೂ ರೂಮಿನ ಬಾಡಿಗೆ ಇದೆ. ಡ್ಯೂಟಿ ಪಟ್ಟಿ ನಿನ್ನದೇ, ಯಾರೋ ಟ್ರಸ್ಟಿ ಫೋನ್ ಮಾಡಿ ಬದಲಿಸುವ ಹಾಗಿಲ್ಲ. ಕೋರ್ಸ್‌ಗೆ ರಜೆ ಕೊಡಬೇಕು, ಸಾಧ್ಯವಾದರೆ ಅದರ ಫೀಸೂ ಅವರೇ ಕೊಡಲಿ. ಮತ್ತೆ ವಾರಕ್ಕೆ ಒಂದು ಶಿಫ್ಟ್ ನೀನು ಮಾಮೂಲಿ ಸಿಸ್ಟರ್ ಆಗಿ ಬೆಡ್ ಹತ್ತಿರ ಇರಬೇಕು. ಇದು ಹೊರಗಿನವರಿಗೆ ಸಣ್ಣ ಮಾತು ಅನಿಸುತ್ತದೆ, ನನಗೆ ಎಲ್ಲಕ್ಕಿಂತ ದೊಡ್ಡದು. ಪತ್ರದಲ್ಲೇ ಬರೆಸಿಕೋ. ಇಲ್ಲದಿದ್ದರೆ ಆರು ತಿಂಗಳಲ್ಲಿ ನಿನ್ನನ್ನು ಬಿಲ್ಲು, ಮೀಟಿಂಗು, ದಾನಿಗಳ ಭೇಟಿ ಇಷ್ಟರಲ್ಲೇ ಮುಗಿಸಿಬಿಡುತ್ತಾರೆ. ಮುಂದಿನ ತೂತು ಕಾಣಲು ನೀನು ಅಲ್ಲಿ ನಿಂತಿರಬೇಕಲ್ಲ.

ಡೊಂಬಿವಲಿ ಸಿಸ್ಟರ್:

ಇವತ್ತು ಸಂಜೆ ಶಿಫ್ಟ್ ಮುಗಿದ ಮೇಲೆ ಒಬ್ಬ ತಾಈ ಹತ್ತಿರ ಮಾತಾಡಿದೆ. ಅವರಿಗೆ ಆ ಜಾಗ ಬೇಡವಂತೆ, ಆದರೆ ಕೇಳಿದ್ದು ಒಳ್ಳೆಯದಾಯಿತು ಅಂದರು. ಇನ್ನೊಬ್ಬರು ನೈಟ್‌ನಲ್ಲಿದ್ದಾರೆ, ಶನಿವಾರ ಸಿಗುತ್ತಾರೆ. ಸೋಮವಾರ ಟ್ರಸ್ಟ್‌ನವರನ್ನು ಭೇಟಿ ಮಾಡುತ್ತೇನೆ. ರಿಜಿಸ್ಟರ್ ಕಲಿಸಲು ಇನ್‌ಚಾರ್ಜ್ ಸಿಸ್ಟರ್ ಒಪ್ಪಿದ್ದಾರೆ, ನಾಳೆಯಿಂದ ಶಿಫ್ಟ್‌ಗಿಂತ ಅರ್ಧ ಗಂಟೆ ಮೊದಲು ಹೋಗಬೇಕು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಪುಣೆ ಅಕ್ಕ:

ಒಳ್ಳೆಯದು. ಅಮ್ಮನಿಗೆ ಪತ್ರ ಕೈಗೆ ಬಂದ ಮೇಲೆ ಹೇಳು. ಪತ್ರ ಸಿಕ್ಕ ಮೇಲೆ ಸಹಿ ಮಾಡುವ ಮೊದಲು ನನಗೆ ಮೆಸೇಜ್ ಮಾಡು, ಒಂದು ಸಲ ಓದಿ ಹೇಳುತ್ತೇನೆ.